ಜಾಕೋ ಪಾಸ್ಟೋರಿಯಸ್ ಅವರದು ಬರೀ ಬೆರಳಿನ ವೇಗವೇ?

ಅಮೆರಿಕದ ಜಾಝ್ ಬೇಸ್ ಗಿಟಾರ್ ವಾದಕ ಜಾಕೋ ಬಾಳಿದ್ದು 35 ವರ್ಷ, ಹೆಸರು ಮಾಡಿದ್ದು ಹತ್ತೇ ವರ್ಷ. ಅಷ್ಟರಲ್ಲಿ, ತಗ್ಗಿನ ಸ್ವರಗಳನ್ನು ನುಡಿಸುವ ಆ ಗಿಟಾರಿನ ದಾರಿಯನ್ನೇ ಬದಲಿಸಿದರು ಎನ್ನುವುದು ಉತ್ಪ್ರೇಕ್ಷೆಯಲ್ಲವೇ ಎಂದು ಕೇಳಿದ್ದೀರಿ. ಅವರು ನುಡಿಸಿದ ‘ಡಾನಾ ಲೀ’ ಎಂಬ ರಚನೆ ಕೇಳಿದಾಗ ವೇಗವೊಂದೇ ಕಿವಿಗೆ ಬಿತ್ತು ಎಂದೂ ಬರೆದಿದ್ದೀರಿ. ಉತ್ಪ್ರೇಕ್ಷೆಯಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆದರೆ ಅವರನ್ನು ಅಲ್ಲಿಂದ ಕೇಳಲು ಶುರು ಮಾಡಬಾರದು.

ಮೊದಲು ವಾದ್ಯದ ಮಾತು. ಸಾಮಾನ್ಯ ಬೇಸ್ ಗಿಟಾರಿನಲ್ಲಿ, ವೀಣೆಯ ಮೆಟ್ಟಿಲುಗಳ ಹಾಗೆ, ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳಿರುತ್ತವೆ. ಜಾಕೋ ಅವರ 1962ರ ಫೆಂಡರ್ ಜಾಝ್ ಬೇಸ್‌ನಲ್ಲಿ ಅವು ಇರಲಿಲ್ಲ. ಕಿತ್ತ ಜಾಗದ ಸೀಳುಗಳನ್ನು ತುಂಬಿ, ಉಕ್ಕಿನ ತಂತಿ ಮರವನ್ನು ತಿನ್ನದಿರಲೆಂದು ದೋಣಿಗಳಿಗೆ ಬಳಿಯುವ, ಒಣಗಿ ಗಟ್ಟಿಯಾಗುವ ಎಪಾಕ್ಸಿ ಎಂಬ ಅಂಟನ್ನು ಲೇಪಿಸಿದ್ದರು. ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಎಂಬ ಕಡಲ ದಂಡೆಯ ಊರಿನಲ್ಲಿ ಬೆಳೆದವರಿಗೆ ಅದು ಹೊಳೆದದ್ದು ಸಹಜವೇ. ಆ ಗಟ್ಟಿ ಲೇಪದ ಮೇಲೆ ಒತ್ತಿದ ಸ್ವರ ಬೇಗ ಸಾಯುವುದಿಲ್ಲ. ಮೀಟಿದ ಮೇಲೂ ಅರಳುತ್ತದೆ, ಮನುಷ್ಯನ ಕಂಠದಂತೆ ಜಾರುತ್ತದೆ. ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಅಪಸ್ವರ. ಫ್ರೆಟ್ ಇಲ್ಲದ ಬೇಸ್ ಅವರಿಗಿಂತ ಮೊದಲೂ ಇತ್ತು, ಆಂಪೆಗ್ ಕಂಪನಿ 1966ರಲ್ಲೇ ಅದನ್ನು ಮಾರುಕಟ್ಟೆಗೆ ತಂದಿತ್ತು. ಅದಕ್ಕೆ ದನಿ ಬಂದದ್ದು ಮಾತ್ರ ಜಾಕೋ ಅವರಿಂದ.

ಅವರು ಮೊದಲು ಡ್ರಮ್ಸ್ ನುಡಿಸುತ್ತಿದ್ದರು. ಅಮೆರಿಕನ್ ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟಾಗಿ ಬೇಸ್ ಹಿಡಿದರು. ಗಾಯಕ ವೇಯ್ನ್ ಕಾಕ್ರನ್ ಅವರ ತಂಡದೊಂದಿಗೆ ಊರೂರು ಸುತ್ತಿದ್ದು 1972ರಲ್ಲಿ. ಹತ್ತು ವರ್ಷ ಸಾಲದು ಎನ್ನುತ್ತೀರಲ್ಲ, ನನಗೆ 1976 ಒಂದೇ ವರ್ಷ ಸಾಕು. ಗಿಟಾರ್ ವಾದಕ ಪ್ಯಾಟ್ ಮೆಥೀನಿ ಅವರ ಮೊದಲ ಆಲ್ಬಂ, ಜಾಕೋ ಅವರ ಹೆಸರನ್ನೇ ಹೊತ್ತ ಅವರ ಸ್ವಂತ ಆಲ್ಬಂ, ವೆದರ್ ರಿಪೋರ್ಟ್ ಎಂಬ ಜಾಝ್ ತಂಡದೊಂದಿಗೆ ಎರಡು ರಚನೆಗಳು, ಗಾಯಕಿ ಜೋನಿ ಮಿಚೆಲ್ ಅವರ ‘ಹಿಜೀರಾ’ ಆಲ್ಬಂನ ನಾಲ್ಕು ಹಾಡುಗಳು, ಎಲ್ಲವೂ ಹೊರಬಂದದ್ದು ಆ ವರ್ಷವೇ. ಮರುವರ್ಷ ಬಂದ ವೆದರ್ ರಿಪೋರ್ಟ್‌ನ ‘ಹೆವಿ ವೆದರ್’ ಆಲ್ಬಂನಲ್ಲಿ ‘ಬರ್ಡ್‌ಲ್ಯಾಂಡ್’ ಕೇಳಿ. ಆರಂಭದಲ್ಲೇ ಮೇಲಿನ ಸ್ಥಾಯಿಯಲ್ಲಿ ಕೇಳುವ ಆ ತೆಳುವಾದ ಧಾಟಿ ಗಿಟಾರಿನದಲ್ಲ, ಜಾಕೋ ಬೇಸ್‌ನಲ್ಲೇ ಎತ್ತಿದ ಹಾರ್ಮೋನಿಕ್ಸ್, ಅಂದರೆ ತಂತಿಯನ್ನು ಹಗುರವಾಗಿ ಮುಟ್ಟಿ ಮೀಟಿದಾಗ ಹೊಮ್ಮುವ ಎತ್ತರದ ಸ್ವರಗಳು. ಅದೇ ಆಲ್ಬಂನ ‘ಟೀನ್ ಟೌನ್’ನಲ್ಲಂತೂ ಬೇಸ್ ಜೊತೆಗೆ ಡ್ರಮ್ಸ್ ಕೂಡ ಅವರದೇ.

ಮುಂದಿನದು ನೋವಿನ ಕಥೆ: ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ, ಮದ್ಯ, ಬೀದಿಯ ಬದುಕು. ಫ್ಲೋರಿಡಾದ ಒಂದು ಕ್ಲಬ್ಬಿನ ಬಾಗಿಲಲ್ಲಿ ಹೊಡೆತ ತಿಂದು ಕೋಮಾಕ್ಕೆ ಜಾರಿದ ಅವರು 1987ರ ಸೆಪ್ಟೆಂಬರ್ 21ರಂದು ತೀರಿಕೊಂಡರು. ಈ ಹುಚ್ಚೇ ಅವರ ಪ್ರತಿಭೆಯ ಮೂಲ ಎಂದು ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಕಾಯಿಲೆ ಅವರಿಂದ ಸಂಗೀತವನ್ನು ಕಿತ್ತುಕೊಂಡಿತೇ ಹೊರತು ಕೊಡಲಿಲ್ಲ.

ಹಾಗಾಗಿ ನೀವು ‘ಹಿಜೀರಾ’ದ ಮೊದಲ ಹಾಡು ‘ಕಯೋಟಿ’ಯಿಂದ ಆರಂಭಿಸಿ. ಅಲ್ಲಿ ಬೇಸ್ ಹಾಡಿನ ಅಡಿಯಲ್ಲಿ ಉಳಿಯುವುದಿಲ್ಲ, ಗಾಯಕಿಯ ಪಕ್ಕದಲ್ಲಿ ನಡೆಯುತ್ತದೆ. ಅವರು ಉಸಿರು ತೆಗೆದುಕೊಂಡಾಗ ಒಂದು ಮಾತು ಸೇರಿಸಿ ಸುಮ್ಮನಾಗುತ್ತದೆ. ಎಲ್ಲಿ ನುಡಿಸುವುದಿಲ್ಲ ಎಂಬುದನ್ನೂ ಗಮನಿಸಿ. ಆಮೇಲೆ ಜಾಕೋ ಅವರ ಸ್ವಂತ ಆಲ್ಬಂನ ‘ಪೋರ್ಟ್ರೇಟ್ ಆಫ್ ಟ್ರೇಸಿ’, ಬೇಸ್ ಒಂದೇ, ಬೇರೇನೂ ಇಲ್ಲ. ಕೊನೆಗೆ ‘ಡಾನಾ ಲೀ’ಗೆ ಹಿಂತಿರುಗಿ. ಅಲ್ಲಿ ಜೊತೆಗಿರುವುದು ಡಾನ್ ಅಲಿಯಾಸ್ ಅವರ ಕಾಂಗಾ, ಅಂದರೆ ಕೈಯಿಂದ ಬಾರಿಸುವ ಚರ್ಮವಾದ್ಯ ಮಾತ್ರ. ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಆದರೂ ಪ್ರತಿ ತಿರುವಿನಲ್ಲೂ ಸ್ವರಮೇಳ (ಕಾರ್ಡ್) ಬದಲಾಗುವುದು ನಿಮಗೆ ಸ್ಪಷ್ಟವಾಗಿ ಕೇಳಿಸುತ್ತದೆ.