ಕ್ಯಾನೊನೆಟ್‌ನಲ್ಲಿ ಕಣ್ಣು ಮಂಕು, ಕಿವಿ ಶಾರ್ಪ್: ರಿಪೇರಿಗೆ ಕೊಡೋ ಮುಂಚೆ

ಸರ್, ನೀವು ಕೇಳಿದ್ದು ಇದು: ಹಳೆಯ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ-III ಫಿಲ್ಮ್ ಕ್ಯಾಮೆರಾ ತಗೊಂಡಿದ್ದೀರಿ, ಹತ್ತಿರದಿಂದ ಎಫ್ 1.7ರಲ್ಲಿ, ಅಂದ್ರೆ ಲೆನ್ಸ್ ಪೂರ್ತಿ ತೆರೆದು, ಮುಖ ತೆಗೆದರೆ ಕಣ್ಣು ಮಂಕಾಗಿ ಕಿವಿ ಶಾರ್ಪ್ ಬರ್ತಿದೆ, ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ತೋರಿಸೋ ಭಾಗ) ರಿಪೇರಿ ಮಾಡಿಸಬೇಕಾ ಅಂತ. ಈಗಲೇ ಕೊಡಬೇಡಿ. ತಪ್ಪು ಕ್ಯಾಮೆರಾದಲ್ಲಿದೆಯಾ, ತೆಗೆಯೋ ರೀತಿಯಲ್ಲಿದೆಯಾ ಅನ್ನೋದನ್ನ ಮನೆಯಲ್ಲೇ ಪತ್ತೆ ಹಚ್ಚಬಹುದು.

ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮೂಲಕವೇ ನೋಡ್ತೀವಿ, ಫೋಕಸ್ ತಪ್ಪಿದರೆ ಮಂಕು ಕಣ್ಣಿಗೆ ಕಾಣುತ್ತೆ. ಇಲ್ಲಿ ಹಾಗಲ್ಲ. ವ್ಯೂಫೈಂಡರ್‌ನಲ್ಲಿ ಎಲ್ಲವೂ ಯಾವಾಗಲೂ ಸ್ಪಷ್ಟವಾಗೇ ಇರುತ್ತೆ; ನಡುವಿನ ಹಳದಿ ಪ್ಯಾಚ್‌ನಲ್ಲಿ ಎರಡು ಬಿಂಬ ಒಂದಾಯ್ತಾ ಅನ್ನೋದೊಂದೇ ನಮಗಿರೋ ಸೂಚನೆ. ಆ ಎರಡು ಬಿಂಬ ಬರೋ ಕಿಂಡಿಗಳ ಅಂತರ ಹೆಚ್ಚಿದಷ್ಟೂ ನಿಖರತೆ ಹೆಚ್ಚು. ಇದೇ ಬಗೆಯ ಇನ್ನೊಂದು ಕ್ಯಾಮೆರಾ, 1954ರ ಲೈಕಾ ಎಂ3ಯಲ್ಲಿ ಅದು 68.5 ಮಿಮೀ. ಕ್ಯಾನೊನೆಟ್ ಪುಟ್ಟ ಕ್ಯಾಮೆರಾ, ಅಂತರವೂ ಚಿಕ್ಕದು. ಆದರೂ 40 ಮಿಮೀ ಲೆನ್ಸ್‌ಗೆ ಧಾರಾಳ ಸಾಕು, ಪ್ಯಾಚ್ ಸರಿ ಇದ್ದರೆ.

ಈಗ ಲೆಕ್ಕ ನೋಡಿ. ಈ ಕ್ಯಾಮೆರಾದ ಅತಿ ಹತ್ತಿರದ ಫೋಕಸ್ 0.8 ಮೀಟರ್. ಅಲ್ಲಿ ಎಫ್ 1.7ರಲ್ಲಿ ಶಾರ್ಪ್ ಬರೋ ಆಳ ಒಟ್ಟು ಸುಮಾರು 4 ಸೆಂಮೀ, ಅಂದ್ರೆ ಮುಂದೆ ಎರಡು, ಹಿಂದೆ ಎರಡು. ಪ್ಯಾಚ್ ಇರೋದು ನಡುಮಧ್ಯದಲ್ಲಿ, ಹಾಗಾಗಿ ಕಣ್ಣಿಗೆ ಫೋಕಸ್ ಮಾಡಿ, ಆಮೇಲೆ ಕಣ್ಣು ಫ್ರೇಮಿನ ಮೇಲ್ಭಾಗಕ್ಕೆ ಬರಲಿ ಅಂತ ಕ್ಯಾಮೆರಾ ಬಗ್ಗಿಸ್ತೀವಿ. 15 ಡಿಗ್ರಿ ಬಗ್ಗಿಸಿದರೆ ಫೋಕಸ್ ಆದ ಸಮತಲ ಕಣ್ಣಿನಿಂದ 2.7 ಸೆಂಮೀ ಹಿಂದಕ್ಕೆ ಹೋಗುತ್ತೆ. ಕಣ್ಣು ಮಂಕು, ಕಿವಿಯ ಕಡೆ ಶಾರ್ಪ್. ನಿಮ್ಮ ಲಕ್ಷಣ ಇದೇ!

ಇದರಲ್ಲೊಂದು ಸುಳಿವಿದೆ. ಕ್ಯಾಮೆರಾ ಬಗ್ಗಿಸೋದ್ರಿಂದ ಬರೋ ತಪ್ಪು ಯಾವಾಗಲೂ ಹಿಂದಕ್ಕೇ ಹೋಗುತ್ತೆ. ಕೆಲವು ಫೋಟೋದಲ್ಲಿ ಮೂಗು, ಕೆಲವದರಲ್ಲಿ ಕಿವಿ ಶಾರ್ಪ್ ಅಂದ್ರೆ ನೀವೋ ಎದುರಿಗಿರೋರೋ ಫೋಕಸ್ ಆದ್ಮೇಲೆ ಅಲುಗಾಡಿದ್ದೀರಿ. ಬಗ್ಗಿಸದೇ ತೆಗೆದರೂ ಪ್ರತಿ ಸಲ ಒಂದೇ ಕಡೆಗೆ ತಪ್ಪಿದರೆ ಮಾತ್ರ ರೇಂಜ್‌ಫೈಂಡರ್ ಮೇಲೆ ಅನುಮಾನ ಪಡಿ.

ಪರೀಕ್ಷೆಗೆ ರೋಲ್ ಸುಡಬೇಡಿ, ಈಗಿನ ಫಿಲ್ಮ್ ರೇಟಿಗೆ ಅದು ಅನ್ಯಾಯ. ರಾತ್ರಿ ತಾರಸಿಗೆ ಹೋಗಿ ಕಿಲೋಮೀಟರ್ ಆಚೆಗಿನ ಟವರ್ ದೀಪವನ್ನೋ ಚಂದ್ರನನ್ನೋ ನೋಡಿ. ಲೆನ್ಸ್ ಇನ್ಫಿನಿಟಿಗೆ (ರಿಂಗಿನ ಅತಿ ದೂರದ ಗುರುತಿಗೆ) ತಾಗಿ ನಿಂತಾಗ ಎರಡು ದೀಪ ಒಂದಾಗಬೇಕು. ಪಕ್ಕಪಕ್ಕ ಉಳಿದರೆ ದೂರದ ಹೊಂದಿಕೆ ತಪ್ಪಿದೆ. ಒಂದರ ಮೇಲೊಂದು ನಿಂತರೆ ಅದು ಬೇರೆ ದೋಷ, ಫೋಕಸ್ ದೂರ ಅದರಿಂದ ಕೆಡೋದಿಲ್ಲ, ಆದರೆ ಹೊಂದಿಸೋಕೆ ಕಣ್ಣಿಗೆ ತ್ರಾಸು.

ಆಮೇಲೆ ಹತ್ತಿರದ್ದು. ಫೋಟೋ ಫ್ರೇಮ್ ಅಂಗಡಿಯಲ್ಲಿ ಒಂದು ಚೂರು ಮಸುಕು ಗಾಜು ಕತ್ತರಿಸಿಕೊಡಿ ಅಂದ್ರೆ ಕೊಡ್ತಾರೆ. ಹಿಂಬಾಗಿಲು ತೆಗೆದು, ಫಿಲ್ಮ್ ಕೂರೋ ಒಳಗಿನ ಎರಡು ಪಟ್ಟಿಯ ಮೇಲೆ ಗಾಜನ್ನು ಒರಟು ಮುಖ ಲೆನ್ಸ್ ಕಡೆಗಿರೋ ಹಾಗೆ ಇಡಿ. ಟ್ರೈಪಾಡ್, ಶಟರ್ ‘ಬಿ’ (ಗುಂಡಿ ಒತ್ತಿರೋವರೆಗೂ ತೆರೆದೇ ಇರೋ ಸ್ಥಾನ), ಕೇಬಲ್ ರಿಲೀಸ್ (ಗುಂಡಿ ಒತ್ತಿ ಹಿಡಿಯೋ ತಂತಿ) ಲಾಕ್, ಅಪರ್ಚರ್ 1.7. ಒಂದು ಮೀಟರ್ ದೂರದ ಪೇಪರ್ ಹೆಡ್‌ಲೈನ್‌ಗೆ ಪ್ಯಾಚ್ ಹೊಂದಿಸಿ, ಗಾಜಿನ ಮೇಲಿನ ಅಕ್ಷರವನ್ನ ಭೂತಗನ್ನಡಿಯಲ್ಲಿ ನೋಡಿ. ಇನ್ನು ಸ್ವಲ್ಪ ರಿಂಗ್ ತಿರುಗಿಸಿದಾಗಲೇ ಶಾರ್ಪ್ ಆಗುತ್ತೆ ಅಂದ್ರೆ ಮೆಕ್ಯಾನಿಕ್ ಬೇಕು. ಪ್ಯಾಚ್ ಹೊಂದಿದಾಗಲೇ ಶಾರ್ಪ್ ಇದ್ದರೆ ಕ್ಯಾಮೆರಾ ಸರಿ ಇದೆ. ಇನ್ಫಿನಿಟಿ ಗುರುತಿನಲ್ಲಿ ದೂರದ ದೃಶ್ಯವೇ ಗಾಜಿನ ಮೇಲೆ ಮಂಕಾಗಿದ್ದರೆ ಲೆನ್ಸನ್ನೇ ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿರ್ತಾರೆ. ಹಾಗಾಗಿದ್ದರೆ ರೇಂಜ್‌ಫೈಂಡರ್ ಮುಟ್ಟಿಸಲೇಬೇಡಿ, ಮೊದಲು ಲೆನ್ಸ್ ಸರಿ ಆಗ್ಲಿ.

ಕ್ಯಾಮೆರಾ ಸರಿ ಇದ್ದರೆ ಉಳಿಯೋದು ಕೈ, ಕಣ್ಣು. ಬಿಂಬ ಸರಿಯೋದು ಅಡ್ಡಕ್ಕೆ, ಆದ್ದರಿಂದ ನೇರ ನಿಂತ ಗೆರೆ ಹುಡುಕಿ: ಮೂಗಿನ ಪಕ್ಕದ ಅಂಚು, ಕನ್ನಡಕದ ಫ್ರೇಮಿನ ಬದಿ. ಹುಬ್ಬು, ರೆಪ್ಪೆ ಅಡ್ಡ ಗೆರೆಗಳು, ಅವಕ್ಕೆ ಕ್ಯಾಮೆರಾ ಕ್ಷಣಕಾಲ ಉದ್ದಕ್ಕೆ ತಿರುಗಿಸಿ ಹೊಂದಿಸಿ. ಪಟ್ಟಾಪಟ್ಟಿ ಸೀರೆ, ಕಿಟಕಿ ಸರಳುಗಳಿಗೆ ಹೊಂದಿಸಬೇಡಿ, ಒಂದು ಪಟ್ಟಿ ಪಕ್ಕದ್ದಕ್ಕೆ ಕೂತು ಮೋಸ ಮಾಡುತ್ತೆ. ಯಾವಾಗಲೂ ಇನ್ಫಿನಿಟಿಯಿಂದ ಹತ್ತಿರಕ್ಕೆ, ಒಂದೇ ದಿಕ್ಕಿನಲ್ಲಿ ತಿರುಗಿಸಿ, ಆಗ ಲೆನ್ಸಿನ ಹಳೇ ಥ್ರೆಡ್‌ನ (ತಿರುಪಿನ ಸುತ್ತಿನ) ಸಡಿಲ ಲೆಕ್ಕಕ್ಕೆ ಬರಲ್ಲ. ಚಾಳೀಸು ಇದ್ದರೆ ದೂರದ ನೋಟದ ಕನ್ನಡಕ ಹಾಕಿಕೊಂಡೇ ನೋಡಿ. ಪ್ಯಾಚ್ ಮಸುಕಾಗಿದ್ದರೆ ವ್ಯೂಫೈಂಡರಿನ ಮುಂದಿನ ಗಾಜಿನ ಮೇಲೆ, ಪ್ಯಾಚಿಗೆ ಸರಿಯಾಗಿ, ಚಿಕ್ಕ ಕಪ್ಪು ಟೇಪ್ ಚುಕ್ಕಿ ಅಂಟಿಸಿ. ನೇರ ನೋಟ ಕಪ್ಪಾಗಿ ಎರಡನೇ ಬಿಂಬ ಎದ್ದು ಕಾಣುತ್ತೆ.

ಮುಖಕ್ಕೆ ನನ್ನ ಸಲಹೆ: ಎಫ್ 2.8ಕ್ಕೆ ಇಳಿಸಿ, ಒಂದು ಮೀಟರಿಗೆ ಹಿಂದೆ ಸರಿಯಿರಿ. ಶಾರ್ಪ್ ಆಳ ಸುಮಾರು 10 ಸೆಂಮೀ ಆಗುತ್ತೆ, ಬಗ್ಗಿಸಿದರೂ ಕಣ್ಣು ಉಳಿಯುತ್ತೆ. ಗಾಜಿನ ಪರೀಕ್ಷೆ ಮಾಡಿ ಏನು ಕಂಡಿತು ಅಂತ ಇಲ್ಲೇ ಹಾಕಿ, ಮೆಕ್ಯಾನಿಕ್‌ಗೆ ಏನು ಹೇಳಬೇಕು ಅಂತ ಆಗ ನೋಡೋಣ.