ಹಿಟ್ಟು ನಾದುವವಳೇ ಲೇಡಿ

ಹಾವೇರಿ ಕಡೆಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಹಳೆಯ ಇಂಗ್ಲಿಷ್ ಕಾದಂಬರಿ ಓದುತ್ತಿದ್ದ ಮೊಮ್ಮಗಳು 'ಸೆನ್‌ನೈಟ್' ಎಂದರೇನು ಎಂದು ಕೇಳಿದಳು. ಬಳಕೆ ತಪ್ಪಿದ ಶಬ್ದ, ಬಿಟ್ಟು ಮುಂದೆ ಓದು ಎಂದೆ. ಇಂಥ ಶಬ್ದಗಳಿಂದ ಈಗಿನ ಮಕ್ಕಳಿಗೆ ಏನು ಪ್ರಯೋಜನ?"

ಮೇಷ್ಟರೇ, ಕೆಲಸದ ಸಂದರ್ಶನದಲ್ಲಿ ಯಾರೂ ಸೆನ್‌ನೈಟ್ ಕೇಳುವುದಿಲ್ಲ, ಒಪ್ಪಿದೆ. ಆದರೆ 'ಬಿಟ್ಟು ಮುಂದೆ ಓದು' ಎಂದಿರಲ್ಲ, ಅದಕ್ಕೆ ನೊಂದುಕೊಂಡೆ. ಸೆನ್‌ನೈಟ್ ಎಂದರೆ ಏಳು ರಾತ್ರಿ, ಅಂದರೆ ಒಂದು ವಾರ. ಅದರ ಒಡಹುಟ್ಟು ಫೋರ್ಟ್‌ನೈಟ್, ಹದಿನಾಲ್ಕು ರಾತ್ರಿ, ಇನ್ನೂ ಬದುಕಿದೆ. ನಿಮ್ಮ ಕೈಯಲ್ಲಿರುವ ಈ ಪಾಕ್ಷಿಕಕ್ಕೆ ಇಂಗ್ಲಿಷಿನಲ್ಲಿ ಅದರಿಂದಲೇ ಬಂದ ಹೆಸರು, ಫೋರ್ಟ್‌ನೈಟ್ಲಿ. ಇಂಗ್ಲಿಷರ ಪೂರ್ವಜರಾದ ಜರ್ಮಾನಿಕ್ ಬುಡಕಟ್ಟಿನವರು ಹಗಲನ್ನಲ್ಲ, ರಾತ್ರಿಯನ್ನು ಎಣಿಸುತ್ತಾರೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ ಸುಮಾರಿಗೇ ಬರೆದಿಟ್ಟ. ಆ ಎಣಿಕೆಯೇ ನಿಮ್ಮ ಮೊಮ್ಮಗಳ ಪುಟದವರೆಗೆ ನಡೆದು ಬಂದಿತ್ತು.

ಇನ್ನು 'ಲಾರ್ಡ್' ನೋಡಿ. ಹಳೆಯ ಇಂಗ್ಲಿಷಿನಲ್ಲಿ ಅದು 'ಹ್ಲಾಫ್‌ವೆಯರ್ಡ್', ರೊಟ್ಟಿ ಕಾಯುವವನು. 'ಹ್ಲಾಫ್' ಸವೆದು ಇಂದಿನ 'ಲೋಫ್' ಆಗಿದೆ. 'ಲೇಡಿ' ಮೂಲದಲ್ಲಿ 'ಹ್ಲಾಫ್‌ಡಿಗೆ', ರೊಟ್ಟಿಯ ಹಿಟ್ಟು ನಾದುವವಳು. ನಾದಿದ ಹಿಟ್ಟಿಗೆ ಈಗಲೂ ಹೇಳುವ 'ಡೋ' ಅದರ ನೆಂಟ. ಮನೆಯ ಆಳು 'ಹ್ಲಾಫ್‌ಎಟ', ಆ ರೊಟ್ಟಿ ತಿನ್ನುವವನು. ಮೂರು ಶಬ್ದಗಳಲ್ಲಿ ಒಂದು ಇಡೀ ಮನೆತನ, ಅದರ ಒಲೆಯ ಸಮೇತ!

ಇದನ್ನು ಓದಿದ ದಿನ ನನಗೆ ಥಟ್ಟನೆ ನೆನಪಾದದ್ದು ನಮ್ಮ ಹಳಗನ್ನಡದ 'ಜೋಳವಾಳಿ'. ಒಡೆಯನ ಜೋಳ ಉಂಡ ಬಂಟ ಅವನಿಗಾಗಿ ಪ್ರಾಣ ಕೊಟ್ಟು ತೀರಿಸುವ ಋಣ ಅದು. ಇಂಗ್ಲಿಷರ ರೊಟ್ಟಿ ತಿನ್ನುವವನೂ ನಮ್ಮ ಜೋಳದ ಬಂಟನೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ನಮ್ಮ ಕಚೇರಿಗೆ ಈಚೆಗೆ ಸೇರಿದ ಪದವೀಧರನಿಗೆ ಈ ಶಬ್ದ ತೋರಿಸಿದೆ. "ಜೋಳ ಬೆಳೆಯುವ ಊರೇ ಸಾರ್?" ಎಂದ. ತಪ್ಪು ಅವನದಲ್ಲ. ಹಳಗನ್ನಡದ ಪುಟ ಬಂದಾಗಲೆಲ್ಲ ಅವನ ತರಗತಿಯಲ್ಲೂ ಯಾರೋ 'ಪರೀಕ್ಷೆಗೆ ಬರುವುದಿಲ್ಲ, ಬಿಟ್ಟು ಮುಂದೆ ಓದು' ಎಂದಿದ್ದರು. ನಿಘಂಟು ಇರುವ ಮನೆಗಳೇ ಅಪರೂಪ, ಇದ್ದರೂ ಅದು ಅಟ್ಟದ ಮೇಲೆ. ಇಂಗ್ಲಿಷಿನ ಬೇರನ್ನು ಸಸಾರ ಮಾಡುವ ಕೈಯೇ ಕನ್ನಡದ ಬೇರನ್ನೂ ಕೀಳುತ್ತದೆ ಮೇಷ್ಟರೇ.

ಮೊಮ್ಮಗಳು ನಿಮ್ಮಲ್ಲಿಗೆ ಬಂದು ಕೇಳಿದಳಲ್ಲ, ಅದು ನಿಮ್ಮ ಪುಣ್ಯ. ಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುವ ಹೊತ್ತಿಗೆ ಅವಳನ್ನು ಒಲೆಯ ಬಳಿ ಕೂರಿಸಿಕೊಂಡು ಲೇಡಿಯ ಕಥೆ ಹೇಳಿ. ಮುಂದಿನ ಸಂಚಿಕೆಗೆ ಇನ್ನೂ ಹದಿನಾಲ್ಕು ರಾತ್ರಿ ಇದೆ. ಅವಳು ಮತ್ತಾವ ಶಬ್ದ ಕೇಳಿದಳೆಂದು ನನಗೆ ಬರೆಯಿರಿ.

– ಸಂಪಾದಕ