ಟ್ರೆಡ್‌ಮಿಲ್ ಮೇಲೆ ‘ಹಿಟ್’: ಸ್ಪೀಡ್ ಬಿಡಿ, ಏರು ಹಿಡಿಯಿರಿ

ಪ್ರಶ್ನೆ: ನನಗೆ 44 ವರ್ಷ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್ ಇದೆ, ದಿನವಿಡೀ ಕೂತೇ ಕೆಲಸ. ಬಿಪಿ ಮಾತ್ರೆ ತಗೊಳ್ತೀನಿ, ಕಂಟ್ರೋಲಿನಲ್ಲಿದೆ. ಬಿಸಿಲಿಗೆ ವಾಕಿಂಗ್ ನಿಂತುಹೋಯ್ತು ಅಂತ ಸೆಕೆಂಡ್ ಹ್ಯಾಂಡ್ ಟ್ರೆಡ್‌ಮಿಲ್ ತಂದು ಮಾಳಿಗೆ ಮೇಲಿನ ರೂಮಿನಲ್ಲಿ ಇಟ್ಟಿದ್ದೇನೆ. ‘ಹಿಟ್’ (HIIT, ಸ್ವಲ್ಪ ಹೊತ್ತು ಬಿರುಸು, ಸ್ವಲ್ಪ ಹೊತ್ತು ಬಿಡುವು ಅಂತ ಸುತ್ತು ಸುತ್ತಾಗಿ ಮಾಡುವ ವ್ಯಾಯಾಮ) ಮಾಡಿದರೆ 4 ನಿಮಿಷ ಸಾಕು ಅಂತಾನೆ ಮಗ. ಗಂಟೆಗೆ 14 ಕಿ.ಮೀ. ಸ್ಪೀಡಿನಲ್ಲಿ 20 ಸೆಕೆಂಡ್ ಓಟ, 10 ಸೆಕೆಂಡ್ ರೆಸ್ಟ್, ಹೀಗೆ 8 ಸಲ. ಮಾಡಬಹುದಾ? ಮಿಷನ್ನಿನ ಏರು (ಇನ್‌ಕ್ಲೈನ್) ಕೈಯಿಂದ ಬದಲಿಸುವಂಥದ್ದು.

ಉತ್ತರ: ಹಿಟ್ ಮಾಡಿ, ಆದರೆ ಮಗ ಹೇಳಿದ ಹಾಗೆ ಬೇಡ.

ಅವನು ಹೇಳುತ್ತಿರುವುದು ‘ತಬಾಟ’ ಲೆಕ್ಕ. ಜಪಾನಿನ ಇಜುಮಿ ತಬಾಟ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಬಂದದ್ದು. ಆ ಪ್ರಯೋಗ ನಡೆದದ್ದು ನಿಂತಲ್ಲೇ ತುಳಿಯುವ ಸೈಕಲ್ ಮೇಲೆ, ಗಟ್ಟಿಮುಟ್ಟಾದ ಹುಡುಗರನ್ನು ಇಟ್ಟುಕೊಂಡು. ಸೈಕಲ್ಲಿನಲ್ಲಿ ಕಾಲು ನಿಲ್ಲಿಸಿದರೆ ಮುಗಿಯಿತು. ಟ್ರೆಡ್‌ಮಿಲ್ ಹಾಗಲ್ಲ. ಬಟನ್ ಒತ್ತಿದ ಮೇಲೆ ಬೆಲ್ಟು 4ರಿಂದ 14ಕ್ಕೆ ನಿಧಾನವಾಗಿ ಏರುತ್ತದೆ. ಅದು ಏರಿ ಮುಗಿಯುವಷ್ಟರಲ್ಲಿ ನಿಮ್ಮ 20 ಸೆಕೆಂಡಿನಲ್ಲಿ ಬಹುಪಾಲು ಕಳೆದಿರುತ್ತದೆ. ಇಳಿಯುವಾಗಲೂ ಅದೇ ಕಥೆ. ರೆಸ್ಟ್ ಅಂತ ಹೇಳುವ ಹೊತ್ತಿನಲ್ಲಿ ನೀವು ಇನ್ನೂ ಓಡುತ್ತಲೇ ಇರುತ್ತೀರಿ.

ಇನ್ನು ಕರೆಂಟು. 14ರಲ್ಲಿ ಓಡುವಾಗ ಕರೆಂಟ್ ಹೋದರೆ ಬೆಲ್ಟು ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಅಂಗಿಗೆ ಸಿಕ್ಕಿಸುವ ಸೇಫ್ಟಿ ಕ್ಲಿಪ್ ಕೂಡ ಅಲ್ಲಿ ಕೆಲಸಕ್ಕೆ ಬಾರದು. ಆದರೂ ಅದನ್ನು ದಿನಾ ಹಾಕಿಕೊಳ್ಳಿ, ಜಾರಿ ಬಿದ್ದರೆ ಮಿಷನ್ ನಿಲ್ಲಿಸುವುದು ಅದೊಂದೇ.

ಹಾಗಾದರೆ ಎದೆಬಡಿತ ಏರಿಸುವುದು ಹೇಗೆ? ಏರಿನಿಂದ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿದವರಿಗೆ ಇದು ಗೊತ್ತಿರುತ್ತದೆ. ಅದರಲ್ಲಿ ಹೆಚ್ಚಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಮೊದಲ ಹಂತದ ಸ್ಪೀಡು ಗಂಟೆಗೆ ಬರೀ 2.7 ಕಿ.ಮೀ., ಆದರೆ ಏರು ಶೇ 10. ಮೂರನೇ ಹಂತಕ್ಕೆ ಬಂದರೂ ಸ್ಪೀಡು 5.5 ಅಷ್ಟೇ, ಏರು ಶೇ 14. ಓಡದ ಮನುಷ್ಯ ಅಲ್ಲಿ ಏದುಸಿರು ಬಿಡುತ್ತಿರುತ್ತಾನೆ. ಶೇ 10ರ ಏರಿನಲ್ಲಿ 5.5ರ ನಡಿಗೆಗೆ ಬೇಕಾಗುವ ಆಮ್ಲಜನಕ, ಸಮತಟ್ಟಿನಲ್ಲಿ ಹತ್ತಿರ ಹತ್ತಿರ 7.7ರ ಓಟಕ್ಕೆ ಬೇಕಾದಷ್ಟು. ಮಂಡಿಗೆ ಬೀಳುವ ಪೆಟ್ಟು ಮಾತ್ರ ಓಟಕ್ಕಿಂತ ಕಡಿಮೆ. ಒಂದೇ ಷರತ್ತು, ಹಿಡಿಕೆಗೆ ಜೋತುಬೀಳಬಾರದು. ಕೈ ಊರಿದರೆ ಒಂದಷ್ಟು ಭಾರ ಅದೇ ಹೊರುತ್ತದೆ, ಏರು ಹಾಕಿದ್ದು ಸುಮ್ನೆ ದಂಡ.

ನಿಮ್ಮ ಮಿಷನ್ನಿನಲ್ಲಿ ಮಧ್ಯದಲ್ಲಿ ಏರು ಬದಲಿಸಲು ಆಗುವುದಿಲ್ಲ ಅಲ್ವಾ? ಪರವಾಗಿಲ್ಲ. ಹತ್ತುವ ಮೊದಲೇ ಅತಿ ಹೆಚ್ಚಿನ ಏರಿಗೆ ಹಾಕಿಬಿಡಿ. 8 ನಿಮಿಷ ಆರಾಮಾಗಿ ನಡೆಯಿರಿ. ಆಮೇಲೆ 1 ನಿಮಿಷ 6ರಲ್ಲಿ ಬಿರುಸು ನಡಿಗೆ, 2 ನಿಮಿಷ 4ರಲ್ಲಿ ಸುಧಾರಿಕೆ. ಹೀಗೆ 6 ಸುತ್ತು. ಕೊನೆಗೆ 5 ನಿಮಿಷ ನಿಧಾನ. ಒಟ್ಟು ಸುಮಾರು ಅರ್ಧ ಗಂಟೆ. 4ರಿಂದ 6ಕ್ಕೆ ಬೆಲ್ಟು ಬೇಗ ಏರುತ್ತದೆ. ವಾರಕ್ಕೆ 2 ದಿನ ಸಾಕು, ನಡುವೆ ಎರಡು ದಿನ ಬಿಡುವಿರಲಿ. ಅದಕ್ಕೂ ಮೊದಲು ಎರಡು ಮೂರು ವಾರ ಬರೀ ನಡಿಗೆ ಮಾಡಿ, ಮೀನಖಂಡ ಪಳಗಲಿ.

ಬಿಪಿ ಮಾತ್ರೆ ಯಾವುದು ನೋಡಿಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥವು ಎದೆಬಡಿತವನ್ನು ಅಷ್ಟಾಗಿ ಏರಲು ಬಿಡುವುದಿಲ್ಲ. ಆಗ ಗರಿಷ್ಠ ಎದೆಬಡಿತ ತಿಳಿಯಲು ‘220ರಲ್ಲಿ ವಯಸ್ಸು ಕಳೆಯಿರಿ’ ಅನ್ನುವ ಲೆಕ್ಕ ನಿಮಗೆ ನಡೆಯಲ್ಲ, ಕೈಗಡಿಯಾರ ತೋರಿಸುವ ಅಂಕಿಯನ್ನೂ ನಂಬಬೇಡಿ. ಮಾತಾಡಿ ನೋಡಿ. ಬಿರುಸಿನ ನಿಮಿಷದ ಕೊನೆಗೆ ಎರಡು ಮೂರು ಪದಕ್ಕಿಂತ ಜಾಸ್ತಿ ಬರಬಾರದು, ಸುಧಾರಿಕೆಯಲ್ಲಿ ಪೂರ್ತಿ ವಾಕ್ಯ ಬರಬೇಕು. ಶುರು ಮಾಡುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ. ಎದೆ ಬಿಗಿದರೆ, ದವಡೆ ಅಥವಾ ತೋಳಿಗೆ ನೋವು ಹರಿದರೆ, ತಲೆ ತಿರುಗಿದರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ಮಲಗಬೇಡಿ.

ಮಾಳಿಗೆ ರೂಮು ನನಗೆ ಸ್ವಲ್ಪ ಚಿಂತೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬು ಸಂಜೆ ಆ ಕಾವನ್ನು ರೂಮಿಗೇ ಬಿಡುತ್ತದೆ. ಮೈ ತಣಿಸಲು ರಕ್ತ ಚರ್ಮದ ಕಡೆ ಹೋಗುವುದರಿಂದ ಅದೇ ಸ್ಪೀಡಿಗೂ ಎದೆ ಜಾಸ್ತಿ ಬಡಿಯುತ್ತದೆ. ಹೊರಗೆ ನಡೆದರೆ ಗಾಳಿಯಾದರೂ ತಾಕುತ್ತದೆ, ಇಲ್ಲಿ ಅದೂ ಇಲ್ಲ. ಬೆಳಗ್ಗೆ ಐದೂವರೆಗೆ ಮಾಡಿ, ಕಿಟಕಿ ತೆರೆದು ಟೇಬಲ್ ಫ್ಯಾನನ್ನು ಎದುರಿಗೆ ಇಡಿ. ಸೆಕೆ ತೀರಾ ಇದ್ದ ದಿನ ಎರಡು ಸುತ್ತು ಕಡಿಮೆ ಮಾಡಿ. ಚಳಿಗಾಲಕ್ಕೆ ಬಳ್ಳಾರಿ ಗುಡ್ಡದ ಮೆಟ್ಟಿಲು ಇದ್ದೇ ಇದೆ, ಬಿರುಸಾಗಿ ಹತ್ತಿ ನಿಂತು ಸುಧಾರಿಸಿಕೊಂಡರೆ ಅದೂ ‘ಹಿಟ್’ ತಾನೇ.

ಸೆಕೆಂಡ್ ಹ್ಯಾಂಡ್ ಅಂದಿರಿ. ಪ್ಲಗ್ ತೆಗೆದು ಬೆಲ್ಟಿನ ಅಂಚು ಎತ್ತಿ ಕೆಳಗೆ ಬೆರಳಾಡಿಸಿ. ಒಣಗಿದ್ದರೆ, ನಮ್ಮೂರ ಕೆಂಧೂಳು ಅಂಟಿದ್ದರೆ ಒರೆಸಿ ಸಿಲಿಕೋನ್ ಎಣ್ಣೆ ಹಾಕಿ. ಯೂನಿಟ್ಟಿನಲ್ಲಿ ಕೈಗೆ ಸಿಗುತ್ತೆ ಅಂತ ಹೊಲಿಗೆ ಮಿಷನ್ ಎಣ್ಣೆ ಮಾತ್ರ ಹಾಕಬೇಡಿ, ಬೆಲ್ಟು ಹಾಳಾಗುತ್ತದೆ.

ಪ್ರಶ್ನೆ: ಹಿಟ್ ಮಾಡಿದ ಮೇಲೆ ದಿನವಿಡೀ ಕೊಬ್ಬು ಕರಗುತ್ತಾ ಇರುತ್ತೆ ಅಂತಾರೆ. ಹೊಟ್ಟೆ ಇಳಿಯುತ್ತಾ? — ಗೃಹಿಣಿ, ಸಿರುಗುಪ್ಪ

ಉತ್ತರ: ಆಮೇಲೂ ಸ್ವಲ್ಪ ಕರಗುವುದು ನಿಜ, ಆದರೆ ಬಹಳ ಸ್ವಲ್ಪ. ಸಂಜೆ ಮಂಡಕ್ಕಿ ಒಗ್ಗರಣೆ ಜೊತೆ ಒಂದು ಮಿರ್ಚಿ ತಿಂದರೆ ಅದು ವಜಾ. ಹೊಟ್ಟೆಯೊಂದನ್ನೇ ಆರಿಸಿ ಇಳಿಸುವ ವ್ಯಾಯಾಮ ಯಾವುದೂ ಇಲ್ಲ. ಉಸಿರು ಗಟ್ಟಿಯಾಗಲಿ, ಶುಗರ್ ಹತೋಟಿಗೆ ಬರಲಿ ಅಂತಿದ್ದರೆ ಖಂಡಿತ ಮಾಡಿ. ಶುಗರ್ ಮಾತ್ರೆಯೋ ಇನ್ಸುಲಿನ್ನೋ ತಗೊಳ್ತಾ ಇದ್ದರೆ ಖಾಲಿ ಹೊಟ್ಟೆಯಲ್ಲಿ ಹತ್ತಬೇಡಿ.